ಪದವಿಯ ಬೆಲೆಯನ್ನು ತೆರಬೇಕಾದವರು ಯಾರು?

ನಮ್ಮ ಸಂಘದ ಕಳೆದ ಸಭೆಯಲ್ಲಿ ಗೊತ್ತುವಳಿಯೊಂದು ಮಂಡಿತವಾಯಿತು. ಸದಸ್ಯರ ಚಂದಾ ಹಣದಿಂದಲೂ ದಾನಿಗಳ ಔದಾರ್ಯದಿಂದಲೂ ಕೂಡಿಬಂದಿರುವ ವಿದ್ಯಾನಿಧಿಯಿಂದ, ಬೆಟ್ಟದ ಮೇಲಿನ ಕನ್ನಡ ಶಾಲೆಗಳ ತರುಣ ಉಪಾಧ್ಯಾಯರಿಗೆ ಬಿ.ಎಡ್. ಪದವಿ ಪಡೆಯಲು ಸಾಲ ಕೊಡಬೇಕು, ಬಡ್ಡಿ ಅಲ್ಪವಾಗಿರಬೇಕು, ಕಂತುಕಂತಾಗಿ ವಸೂಲು ಮಾಡಬೇಕು. ಇದು ಗೊತ್ತುವಳಿಯ ಸಾರ. ಮಂಡಿಸಿದ ಹಿರಿಯರು ಗೌರವಾರ್ಹರು. ಅವರ ಸದುದ್ದೇಶದಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. “ಮನೆಯಾಕೆಯ ಓಲೆ ಅಡವಿಟ್ಟಾದರೂ ಪದವಿ ಸಂಪಾದಿಸಿರಯ್ಯಾ, ಬರಿಯ ತರಬೇತಿಯ ಸರ್ಟಿಫಿಕೇಟನ್ನು ಈ ಕಾಲದಲ್ಲಿ ಯಾರು ಮೂಸಿ ನೋಡುತ್ತಾರೆ?” ಎಂದು ಅವರು ಕೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ತಟ್ಟದೆ ಕುಳಿತವರಲ್ಲಿ ನಾವೊಬ್ಬರು. ಎದ್ದುನಿಂತು ಉತ್ತರ ಹೇಳುವ ಧೈರ್ಯ ಅಂದು ಬರಲಿಲ್ಲ. ಮುಂದಿನ ಸಭೆಯಲ್ಲಿ ಗೊತ್ತುವಳಿ ಮತಕ್ಕೆ ಬರುವುದೆಂದು ತಿಳಿದುಬಂದಿದೆ. ಅಷ್ಟರೊಳಗೆ ನಮ್ಮ ಮಾತನ್ನು ಈ ಹಾಳೆಗಳಲ್ಲಾದರೂ ಹೇಳಿಬಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲೇ ಸ್ಪಷ್ಟಪಡಿಸುವುದು ಲೇಸು: ನಾವು ವಿದ್ಯೆಯ ವಿರೋಧಿಗಳಲ್ಲ. ಉಪಾಧ್ಯಾಯನಾದವನು ಕಡೆಯವರೆಗೂ ವಿದ್ಯಾರ್ಥಿಯೇ ಎಂಬ ಮಾತನ್ನು ತರಬೇತಿ ಶಾಲೆಯಲ್ಲಿ ಕೇಳಿದವರು, ನಂಬಿದವರು. ನಮ್ಮ ಆಕ್ಷೇಪಣೆ ಬೇರೆ. ಸರಕಾರದ ಕೆಲಸಕ್ಕೆ ಸರಕಾರವೇ ವಿಧಿಸುವ ಅರ್ಹತೆಯನ್ನು ಬಡ ಉಪಾಧ್ಯಾಯ ಮನೆ ಮುಳುಗಿಸಿಕೊಂಡು ಕೊಳ್ಳಬೇಕೆಂಬುದು ಅನ್ಯಾಯ. ಆ ಅನ್ಯಾಯಕ್ಕೆ ನಮ್ಮ ಸಂಘವೇ ಲೇವಾದೇವಿಗಾರನಾಗಿ ನಿಲ್ಲುವುದು ಅದಕ್ಕಿಂತ ದೊಡ್ಡ ತಪ್ಪು. ಇಷ್ಟು ಕಷ್ಟಪಟ್ಟು ತಂದ ಆ ಪದವಿಯಿಂದ ತಾಳವಾಡಿ ಬೆಟ್ಟದ ಒಂದನೆಯ ತರಗತಿಯ ಕೂಸಿಗೆ ಆಗುವ ಲಾಭವಾದರೂ ಏನು? ಅದನ್ನು ಯಾರೂ ಕೇಳಲಿಲ್ಲ.

ಪರರ ಕಥೆ ಹೇಳುವ ಬದಲು ನಮ್ಮದನ್ನೇ ಹೇಳುತ್ತೇವೆ. ಕೆಲವು ವರ್ಷಗಳ ಹಿಂದಿನ ಮಾತು. ತರಬೇತಿ ಮುಗಿದಿತ್ತು, ಬಿ.ಎ.ಯನ್ನು ಅಂಚೆಯ ಮೂಲಕ ಓದಿ ಹೇಗೋ ದಾಟಿದ್ದೆವು, ಕಾಯಂ ಕೆಲಸ ಮಾತ್ರ ಸಿಕ್ಕಿರಲಿಲ್ಲ. ಎಲ್ಲರೂ ಹೇಳಿದಂತೆ ನಾವೂ ಬಿ.ಎಡ್.ಗೆ ಹೊರಟೆವು. ತಂದೆಯವರು ಆ ವರ್ಷದ ಅರಿಶಿನವನ್ನು ಈರೋಡಿನ ಮಂಡಿಗೆ ಹಾಕಿ ಬಂದ ಹಣವನ್ನು ಎಣಿಸದೆ ಕೈಗಿಟ್ಟರು. ಸಾಲದ್ದಕ್ಕೆ ಮನೆಯಾಕೆಯ ಸರ ಅಡವಿಗೆ ಹೋಯಿತು. ಅದಕ್ಕೂ ಸಾಲದ್ದಕ್ಕೆ ಕೈಸಾಲ. ಬಯಲುಸೀಮೆಯ ಒಂದು ಖಾಸಗಿ ಕಾಲೇಜು (ಹೆಸರು ಬೇಡ, ಹೆಸರು ಬದಲಾಯಿಸಿದರೂ ಕಥೆ ಬದಲಾಗದು) ಹಣವನ್ನು ಕಟ್ಟಿಸಿಕೊಂಡಿತು. ಕಚೇರಿಯಲ್ಲಿ ಕುಳಿತಿದ್ದ ಮಹಾಶಯರು ರಸೀತಿ ಬರೆಯುತ್ತ, “ದಿನಾ ಬರುವವರೋ, ಬಾರದವರೋ?” ಎಂದು ವಿಚಾರಿಸಿದರು. ನಮಗೆ ಪ್ರಶ್ನೆ ತಿಳಿಯಲಿಲ್ಲ. ಅವರು ಸಹನೆಯಿಂದಲೇ ಬಿಡಿಸಿ ಹೇಳಿದರು: “ಬೆಟ್ಟದಿಂದ ದಿನವೂ ಇಳಿದು ಬರುವುದು ಕಷ್ಟ. ಬಾರದಿದ್ದರೂ ನಡೆಯುತ್ತದೆ. ಅದಕ್ಕೆ ಬೇರೆ ದರ.”

ಪಾಠಕ್ಕೆ ಒಂದು ದರ. ಪಾಠ ಕೇಳದಿರುವುದಕ್ಕೆ ಅದಕ್ಕಿಂತ ಹೆಚ್ಚಿನ ದರ! ಇಂಥ ವ್ಯಾಪಾರವನ್ನು ನಾವು ಸಂತೆಯಲ್ಲಿಯೂ ಕಂಡಿರಲಿಲ್ಲ. ಆದರೂ ನಾವು ಹಿಂದಿರುಗಲಿಲ್ಲ. ಇದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇವೆ. ಬರುವವರ ಪಟ್ಟಿಯಲ್ಲೇ ಹೆಸರು ಬರೆಸಿ ಕೆಳಗೆ ಕೊಠಡಿ ಹಿಡಿದು ಕೆಲವು ತಿಂಗಳು ಹೋದೆವು. ಬೆಂಚುಗಳಿಗಿಂತ ಕಡಿಮೆ ವಿದ್ಯಾರ್ಥಿಗಳು, ವಿದ್ಯಾರ್ಥಿಗಳಿಗಿಂತ ಹೆಚ್ಚು ಹಾಜರಿ. ವರ್ಷದ ಕೊನೆಗೆ ಬೋಧನಾಭ್ಯಾಸದ ದಾಖಲೆ ಪುಸ್ತಕಗಳು ಬಂದವು. ಬರೆದು, ರಟ್ಟು ಹಾಕಿ, ಸಿದ್ಧವಾಗಿ. ಅದರ ಮೇಲೆ ನಮ್ಮ ಹೆಸರು. ಒಳಗೆ, ನಾವು ಎಂದೂ ಕಾಲಿಡದ ಒಂದು ಹೈಸ್ಕೂಲಿನಲ್ಲಿ ನಾವು ಮಾಡಿದೆವೆಂಬ ಪಾಠಗಳು. ಪ್ರತಿ ಪಾಠದ ಅಡಿಯಲ್ಲಿಯೂ “ಮಕ್ಕಳು ಉತ್ಸಾಹದಿಂದ ಉತ್ತರಿಸಿದರು” ಎಂಬ ಒಕ್ಕಣೆ. ಯಾವ ಮಕ್ಕಳು? ಆ ಇಲ್ಲದ ಮಕ್ಕಳ ಉತ್ಸಾಹವನ್ನು ಓದಿ ನಮಗೆ ಆದ ನಾಚಿಕೆಯನ್ನು ಇಲ್ಲಿ ವಿವರಿಸಲಾರೆವು. ಎರಡನೆಯ ವರ್ಷಕ್ಕೆ ಹೋಗಲಿಲ್ಲ. ಪದವಿ ಬರಲಿಲ್ಲ, ಸಾಲ ಮಾತ್ರ ನಮ್ಮೊಡನೆಯೇ ಬೆಟ್ಟ ಹತ್ತಿ ಬಂತು.

ಕೈಗೆಟುಕದ ದ್ರಾಕ್ಷಿ ಹುಳಿಯೆಂದು ನಮ್ಮನ್ನು ಹಾಸ್ಯಮಾಡುವವರು ಮಾಡಲಿ. ಆದರೆ ಇದು ನಮ್ಮೊಬ್ಬರ ದ್ರಾಕ್ಷಿಯ ಕಥೆಯಲ್ಲ. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮ ಆಯೋಗ 2012ರಲ್ಲಿ ವರದಿ ಒಪ್ಪಿಸಿತು. ಅದನ್ನು ಆಧಾರವಾಗಿಟ್ಟುಕೊಂಡು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವುದೇನೆಂದರೆ, ದೇಶದಲ್ಲಿರುವ 10,000ಕ್ಕೂ ಮಿಕ್ಕ ಬಿಡಿ ತರಬೇತಿ ಸಂಸ್ಥೆಗಳಲ್ಲಿ ಹೆಚ್ಚಿನವು ಉಪಾಧ್ಯಾಯರನ್ನು ತಯಾರು ಮಾಡುವ ಪ್ರಯತ್ನವನ್ನೇ ಮಾಡುತ್ತಿಲ್ಲ, ಬೆಲೆ ಪಡೆದು ಪದವಿ ಮಾರುತ್ತಿವೆ. ಹೀಗೆಂದವರು ನಾವಲ್ಲ, ಭಾರತ ಸರಕಾರ. ಮಾರುವ ಅಂಗಡಿ ಇದೆಯೆಂದು ಸರಕಾರವೇ ಒಪ್ಪಿಕೊಂಡಮೇಲೆ, ಆ ಅಂಗಡಿಗೆ ಗಿರಾಕಿಗಳನ್ನು ಸಾಲ ಕೊಟ್ಟು ಕಳುಹಿಸುವ ಕೆಲಸ ನಮ್ಮ ಸಂಘಕ್ಕೆ ಏತಕ್ಕೆ? ಎಲ್ಲ ಕಾಲೇಜುಗಳೂ ಹಾಗಲ್ಲವೆಂದು ಬಲ್ಲೆವು. ನಿಷ್ಠೆಯಿಂದ ಕಲಿಸುವ ಸಂಸ್ಥೆಗಳುಂಟು, ನಿಷ್ಠೆಯಿಂದ ಕಲಿತು ಬಂದ ಮಿತ್ರರೂ ನಮ್ಮ ನಡುವೆ ಇದ್ದಾರೆ. ಅವರ ಮುಂದೆ ನಾವು ತಲೆಬಾಗುತ್ತೇವೆ. ಆದರೆ ಗೊತ್ತುವಳಿಯಲ್ಲಿ ಕಾಲೇಜು ಯಾವುದೆಂಬ ಒಂದು ಷರತ್ತೂ ಇಲ್ಲವೆಂಬುದನ್ನು ಗಮನಿಸಬೇಕು.

ಇನ್ನು ಮುಖ್ಯ ಮಾತಿಗೆ ಬರೋಣ. ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೆ ಈ ಬಿ.ಎಡ್. ಏತಕ್ಕೆ ಬೇಕು?

ಕಾನೂನು ಬೇಕೆನ್ನುವುದಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನ್ವಯ ರಾಷ್ಟ್ರೀಯ ಉಪಾಧ್ಯಾಯ ಶಿಕ್ಷಣ ಮಂಡಳಿ 2010ರ ಆಗಸ್ಟ್ 23ರಂದು ಅರ್ಹತೆಗಳನ್ನು ಗೊತ್ತುಮಾಡಿತು. 1ರಿಂದ 5ನೆಯ ತರಗತಿಗಳಿಗೆ ಹನ್ನೆರಡನೆಯ ತರಗತಿಯ ಮೇಲೆ ಎರಡು ವರ್ಷದ ಪ್ರಾಥಮಿಕ ತರಬೇತಿ, ಅದರೊಡನೆ ಉಪಾಧ್ಯಾಯ ಅರ್ಹತಾ ಪರೀಕ್ಷೆ: ಮುಖ್ಯವಾಗಿ ಬೇಕಾದದ್ದು ಇದು. 2018ರಲ್ಲಿ ಅದೇ ಮಂಡಳಿ ಬಿ.ಎಡ್. ಆದವರೂ ಚಿಕ್ಕ ಮಕ್ಕಳಿಗೆ ಕಲಿಸಬಹುದು, ಆರು ತಿಂಗಳ ಒಂದು ಸೇತುಶಿಕ್ಷಣ ಆಮೇಲೆ ಮುಗಿಸಿದರೆ ಸಾಕು ಎಂದಿತು. ರಾಜಸ್ಥಾನದಿಂದ ಹೊರಟ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2023ರ ಆಗಸ್ಟ್ 11ರಂದು ಆ ಪ್ರಕಟಣೆ ಬಿದ್ದುಹೋಯಿತು. ಚಿಕ್ಕ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ, ಬಿ.ಎಡ್. ಅದಕ್ಕೆ ಅರ್ಹತೆಯಲ್ಲ ಎಂಬುದು ತೀರ್ಪಿನ ತಿರುಳು. ಅಂದರೆ, ನಮ್ಮ ಹಿರಿಯರು ಯಾರೂ ಮೂಸಿ ನೋಡರೆಂದು ಹೇಳಿದ ಆ ಸರ್ಟಿಫಿಕೇಟನ್ನೇ ದೇಶದ ಅತ್ಯುಚ್ಚ ನ್ಯಾಯಾಲಯ ಒಂದನೆಯ ತರಗತಿಯ ಬಾಗಿಲಿಗೆ ತಕ್ಕ ಬೀಗದಕೈಯೆಂದು ಒಪ್ಪಿದೆ.

ಇದರಲ್ಲಿ ಆಶ್ಚರ್ಯವೇನು? ಒಂದನೆಯ ತರಗತಿಯಲ್ಲಿ ಒಂದು ದಿನ ಕುಳಿತು ನೋಡಿದವರಿಗೆ ತಿಳಿಯುತ್ತದೆ. ಹಾಡಿಯಿಂದ ಬಂದ ಸೋಲಿಗರ ಮಗು ತನ್ನ ನುಡಿಯಲ್ಲಿ ಮಾತನಾಡುತ್ತದೆ. ಅದು ಕನ್ನಡಕ್ಕೆ ಹತ್ತಿರದ್ದೇ, ಆದರೆ ಪುಸ್ತಕದ ಕನ್ನಡವಲ್ಲ. ಆ ಮಗುವಿನ ಮಾತನ್ನು ತಪ್ಪೆನ್ನದೆ ಪುಸ್ತಕದ ಮಾತಿನವರೆಗೆ ಕೈಹಿಡಿದು ತರಬೇಕು. ಒಕ್ಕಲು ಮನೆಯ ಹುಡುಗನಿಗೆ ಕೂಡುವುದು ಬಾಯಲ್ಲಿ ಬರುತ್ತದೆ, ಸ್ಲೇಟಿನ ಮೇಲೆ ಬಾರದು. ಹುಣಿಸೆಬೀಜ ಎಣಿಸುತ್ತ ದಶಕವನ್ನು ಕಟ್ಟಿ ತೋರಿಸಬೇಕು. ಒತ್ತಕ್ಷರದ ಹತ್ತಿರ ಎಲ್ಲರೂ ನಿಂತುಬಿಡುತ್ತಾರೆ. ಅಲ್ಲಿ ಆತುರಪಟ್ಟರೆ ಐದನೆಯ ತರಗತಿಯವರೆಗೂ ಆ ಮಗು ಓದುವಾಗ ಎಡವುತ್ತಲೇ ಇರುತ್ತದೆ. ಕಾಡಂಚಿನಲ್ಲಿ ಆನೆ ಬಂದ ರಾತ್ರಿಯ ಮರುದಿನ ಮಕ್ಕಳು ನಿದ್ದೆಗೆಟ್ಟು ಬರುತ್ತಾರೆ. ಅಂದು ಗುಣಾಕಾರ ಬೇಡ, ಆನೆಯನ್ನೇ ಮಾತನಾಡಿಸಿ ನಾಲ್ಕು ವಾಕ್ಯ ಬರೆಸಬೇಕು. ಇವೆಲ್ಲ ನಮಗೆ ತಕ್ಕಮಟ್ಟಿಗೆ ಬರುವುದಾದರೆ ಅದಕ್ಕೆ ಕಾರಣ ಎರಡು ವರ್ಷದ ಆ ತರಬೇತಿ, ಆಮೇಲಿನ ಅನುಭವ. ಬಿ.ಎಡ್. ಮುಖ್ಯವಾಗಿ ಮೇಲಿನ ತರಗತಿಗಳ ವಿಷಯಬೋಧನೆಗಾಗಿ ಕಟ್ಟಿದ್ದು. ಅದು ಕೀಳೆಂದು ಹೇಳುತ್ತಿಲ್ಲ. ನೇಗಿಲು ಬೇರೆ, ಕುಂಟೆ ಬೇರೆ.

ಹಾಗಾದರೆ ನಮ್ಮ ತರುಣರು ಏತಕ್ಕೆ ಅದರ ಹಿಂದೆ ಓಡುತ್ತಾರೆ? ಉತ್ತರ ಎಲ್ಲರಿಗೂ ಗೊತ್ತು: ಒಂದನೆಯ ತರಗತಿಯಿಂದ ಹೊರಬೀಳುವುದಕ್ಕೆ. ಪದವೀಧರ ಉಪಾಧ್ಯಾಯನ ಹುದ್ದೆಗೆ ಬಿ.ಎಡ್. ಬೇಕು, ಆ ಹುದ್ದೆಗೆ ಸಂಬಳ ಹೆಚ್ಚು, ಮರ್ಯಾದೆ ಹೆಚ್ಚು, ಮದುವೆಯ ಮಾತುಕತೆಯಲ್ಲಿಯೂ ತೂಕ ಹೆಚ್ಚು. ಅವರನ್ನು ಹೇಗೆ ದೂರೋಣ? ಈ ರಾಜ್ಯದಲ್ಲಿ 2009ರ ಜೂನ್ 1ಕ್ಕೆ ಮುನ್ನ ನೇಮಕಗೊಂಡ ಸೆಕೆಂಡರಿ ಗ್ರೇಡ್ ಉಪಾಧ್ಯಾಯನಿಗೆ ಮೂಲ ವೇತನ 8,370 ರೂಪಾಯಿ ಗೊತ್ತಾಯಿತು. ಆ ದಿನದಿಂದ ಈಚೆಗೆ ಬಂದವನಿಗೆ 5,200. ತರಬೇತಿ ಒಂದೇ, ತರಗತಿ ಒಂದೇ, ಸೀಮೆಸುಣ್ಣವೂ ಒಂದೇ; ತಿಂಗಳಿಗೆ ಮೂಲದಲ್ಲಿಯೇ 3,170 ರೂಪಾಯಿಯ ಅಂತರ! ಸಮಾನ ಕೆಲಸಕ್ಕೆ ಸಮಾನ ವೇತನ ಬೇಕೆಂದು ನಮ್ಮವರು ಚೆನ್ನೈಯಲ್ಲಿ ಪದೇಪದೇ ಉಪವಾಸ ಕುಳಿತದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಕೆಳಗಿನ ಮೆಟ್ಟಿಲಿನಲ್ಲಿ ನಿಂತವನ ಕಾಲು ಸುಡುವಂತೆ ಮಾಡಿದವರು, ಮೇಲಿನ ಮೆಟ್ಟಿಲಿಗೆ ಹಾರಲು ಏಣಿಯ ಬಾಡಿಗೆ ವಸೂಲು ಮಾಡುತ್ತಾರೆ. ನಮ್ಮ ಗೊತ್ತುವಳಿ ಆ ಬಾಡಿಗೆಗೆ ಸಾಲ ಕೊಡಲು ಹೊರಟಿದೆ.

ಹಿಂದೆ ಒಂದು ಸಮಾಧಾನವಾದರೂ ಇತ್ತು. ಸೇವೆಯಲ್ಲಿದ್ದು ಉನ್ನತ ವಿದ್ಯಾಭ್ಯಾಸ ಮಾಡಿದ ಉಪಾಧ್ಯಾಯನಿಗೆ ಸರಕಾರ ಮುಂಗಡ ವೇತನ ಬಡ್ತಿ ಕೊಡುತ್ತಿತ್ತು. ಖರ್ಚು ಮಾಡಿದ್ದು ವರ್ಷಗಳ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗುತ್ತಿತ್ತು. 2020ರ ಮಾರ್ಚಿಯಲ್ಲಿ ಒಂದು ಆಜ್ಞೆ ಹೊರಟು ಅದೂ ರದ್ದಾಯಿತು. ಆಮೇಲೆ ಬಂದದ್ದು ಒಂದೇ ಸಲ ಕೈಗಿಟ್ಟು ಕೈತೊಳೆದುಕೊಳ್ಳುವ ಒಂದು ಗಂಟು. ಓದು ಎನ್ನುವವರು ಅವರೇ. ಓದಿದ್ದಕ್ಕೆ ಕೊಡುವುದನ್ನು ನಿಲ್ಲಿಸಿದವರೂ ಅವರೇ.

ವಕೀಲನಾಗುವವನು ತನ್ನ ಹಣದಿಂದ ಓದುವುದಿಲ್ಲವೇ, ವೈದ್ಯನಾಗುವವನು ಓದುವುದಿಲ್ಲವೇ, ಉಪಾಧ್ಯಾಯನಿಗೇನು ವಿಶೇಷ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಕೇಳಲು ಚೆನ್ನಾಗಿರುವ ಪ್ರಶ್ನೆ. ವಕೀಲನು ತನ್ನ ಫೀಜನ್ನು ತಾನೇ ಗೊತ್ತುಮಾಡುತ್ತಾನೆ. ಹಾಕಿದ ಬಂಡವಾಳವನ್ನು ಕಕ್ಷಿಗಾರನಿಂದ ಎತ್ತಿಕೊಳ್ಳುತ್ತಾನೆ. ನಾವು ಯಾರಿಂದ ಎತ್ತಿಕೊಳ್ಳೋಣ? ಕಾಲಿಗೆ ಚಪ್ಪಲಿಯಿಲ್ಲದೆ ಬರುವ ಮಗುವಿನಿಂದಲೇ? ಶಿಕ್ಷಣ ಉಚಿತವೂ ಕಡ್ಡಾಯವೂ ಆಗಿರಬೇಕೆಂದು ರಾಜ್ಯ ಸಾರಿದ ಮೇಲೆ, ಆ ಉಚಿತದ ಬೆಲೆಯನ್ನು ಯಾರೋ ತೆರಲೇಬೇಕು. ಮಗು ತೆರುವಂತಿಲ್ಲ, ತಂದೆತಾಯಿ ತೆರುವಂತಿಲ್ಲ. ಮೆಲ್ಲಮೆಲ್ಲನೆ ಅದನ್ನು ಉಪಾಧ್ಯಾಯನ ಹೆಗಲಿಗೆ ಜಾರಿಸಿಬಿಟ್ಟಿದ್ದಾರೆ.

ಇದು ಹಿಂದಿನಿಂದಲೂ ಹೀಗೆಯೇ ಇತ್ತೆಂದು ತಿಳಿಯಬಾರದು. 1854ರಲ್ಲಿ ಚಾರ್ಲ್ಸ್ ವುಡ್ ಕಳುಹಿಸಿದ ಪ್ರಸಿದ್ಧ ನಿರೂಪದಲ್ಲಿ, ಉಪಾಧ್ಯಾಯರ ತರಬೇತಿಗೆ ನಾರ್ಮಲ್ ಶಾಲೆಗಳನ್ನು ತೆರೆಯಬೇಕು, ತರಬೇತಿ ಪಡೆಯುವ ಕಾಲದಲ್ಲಿ ಅವರಿಗೆ ವೇತನ ಕೊಡಬೇಕು ಎಂಬ ಸಲಹೆಯುಂಟು. ಕೊಟ್ಟವರು ಯಾರು? ನಮ್ಮನ್ನು ಸುಲಿದು ತಿಂದ ಈಸ್ಟ್ ಇಂಡಿಯಾ ಕಂಪೆನಿಯವರು! ಲಾಭಕ್ಕಾಗಿಯೇ ಹುಟ್ಟಿದ ಕಂಪೆನಿಗೂ, ಉಪಾಧ್ಯಾಯನಾಗಲು ಬಂದವನಿಂದ ಹಣ ಕೀಳಬಾರದು, ಅವನಿಗೇ ಹಣ ಕೊಡಬೇಕು ಎಂಬಷ್ಟು ಲೆಕ್ಕ ತಿಳಿದಿತ್ತು. ಆ ಶತಮಾನದಲ್ಲಿಯೇ ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡದ ಮಾಸ್ತರರನ್ನು ಕನ್ನಡದಲ್ಲಿಯೇ ತಯಾರುಮಾಡಿದರು. ಸ್ವಾತಂತ್ರ್ಯ ಬಂದಿತು. ಡಾ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ 1966ರಲ್ಲಿ ವರದಿ ಕೊಟ್ಟಿತು. ಉಪಾಧ್ಯಾಯ ತರಬೇತಿ ಸಂಸ್ಥೆಗಳಲ್ಲಿ ಬೋಧನಾ ಶುಲ್ಕವನ್ನೇ ತೆಗೆದುಹಾಕಬೇಕು, ವಿದ್ಯಾರ್ಥಿವೇತನಗಳನ್ನು ಧಾರಾಳವಾಗಿ ಕೊಡಬೇಕು ಎಂಬುದು ಅದರ ಶಿಫಾರಸುಗಳಲ್ಲೊಂದು. ಆ ವರದಿಯನ್ನು ನಮಗೆ ತರಬೇತಿಯಲ್ಲಿ ಪಾಠವಾಗಿ ಓದಿಸಿದರು. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆಯೂ ಬರುತ್ತದೆ. ಶುಲ್ಕ ತೆಗೆಯಬೇಕೆಂದು ಬರೆದದ್ದಕ್ಕೆ ಅಂಕ ಕೊಡುವವರು ಪರೀಕ್ಷಾ ಶುಲ್ಕವನ್ನು ಮೊದಲೇ ಕಟ್ಟಿಸಿಕೊಂಡಿರುತ್ತಾರೆ.

ಹೊರಗಿನ ದೇಶಗಳ ಮಾತೇಕೆಂದರೂ ಎರಡು ವಾಕ್ಯ ಹೇಳಿ ಮುಂದುವರಿಯುತ್ತೇವೆ. ಫಿನ್ಲೆಂಡ್ ದೇಶ 1979ರಿಂದ ಪ್ರಾಥಮಿಕ ಉಪಾಧ್ಯಾಯನಿಗೂ ಸ್ನಾತಕೋತ್ತರ ಪದವಿ ಬೇಕೆನ್ನುತ್ತದೆ. ಆದರೆ ಅದಕ್ಕೆ ತನ್ನ ಜನರಿಂದ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಸಿಂಗಪುರದಲ್ಲಿ ಉಪಾಧ್ಯಾಯನಾಗಿ ಆಯ್ಕೆಯಾದವನು ತರಬೇತಿಯಲ್ಲಿರುವಾಗಲೇ ಸಂಬಳ ಪಡೆಯುತ್ತಾನೆ.

ಕನ್ನಡಿಗರಾದ ನಮ್ಮ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅದನ್ನು ಈಗ ಅಳುತ್ತ ಕೂರುವುದಿಲ್ಲ. ಆದರೆ ಅದೇ ವರ್ಷ ಸಂವಿಧಾನಕ್ಕೆ 350ಎ ಎಂಬ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸುವುದು ರಾಜ್ಯದ ಹೊಣೆಯೆಂದು ಅದು ಹೇಳುತ್ತದೆ. ಸೌಕರ್ಯವೆಂದರೇನು? ಹೆಂಚಿನ ಕಟ್ಟಡವೇ? ಕರಿಹಲಗೆಯೇ? ಕನ್ನಡದಲ್ಲಿ ಕಲಿಸಬಲ್ಲ, ಕನ್ನಡದಲ್ಲಿಯೇ ತರಬೇತು ಪಡೆದ ಉಪಾಧ್ಯಾಯನಿಲ್ಲದೆ ಯಾವ ಸೌಕರ್ಯ? ಉಪಾಧ್ಯಾಯನ ಸಿದ್ಧತೆ ಆ ಸೌಕರ್ಯದ ಅರ್ಧಕ್ಕಿಂತ ಹೆಚ್ಚು. ಹಾಗಿರುವಾಗ, ಸಂವಿಧಾನ ರಾಜ್ಯದ ಮೇಲೆ ಹೊರಿಸಿದ ಹೊಣೆಯನ್ನು ತಾಳವಾಡಿಯ ಹೆಣ್ಣುಮಕ್ಕಳ ಕೊರಳ ಸರಗಳು ತೀರಿಸುತ್ತಿವೆಯೆಂದರೆ ಅತಿಶಯೋಕ್ತಿಯಾದೀತೇ?

ಅಷ್ಟು ತೆತ್ತಾದರೂ ಪದವಿ ಕನ್ನಡದಲ್ಲಿ ದೊರೆಯುತ್ತದೆಯೇ ಎಂದರೆ ಅದೂ ಇಲ್ಲ. ಸೇವೆಯಲ್ಲಿರುವವರಿಗೆ ಅನುಕೂಲವೆಂದು ಎಲ್ಲರೂ ತೋರಿಸುವ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಬಿ.ಎಡ್.ಗೆ ಎರಡು ವರ್ಷಕ್ಕೆ 55,000 ರೂಪಾಯಿ ಶುಲ್ಕ. ಭಾಷೆ ಇಂಗ್ಲಿಷ್ ಅಥವಾ ಹಿಂದಿ. ತಮಿಳುನಾಡು ಮುಕ್ತ ವಿಶ್ವವಿದ್ಯಾನಿಲಯದಲ್ಲಿ ತಮಿಳು ಅಥವಾ ಇಂಗ್ಲಿಷ್. ತಮಿಳಿನ ಮೇಲೆ ನಮಗೆ ದ್ವೇಷವಿಲ್ಲ; ನೆರೆಯವರ ನುಡಿ, ಸಂತೆಯ ನುಡಿ, ನಮ್ಮ ಮಕ್ಕಳೂ ಕಲಿಯುತ್ತಾರೆ. ಆದರೆ ಕನ್ನಡ ಮಕ್ಕಳಿಗೆ ಕನ್ನಡದಲ್ಲಿ ಕಲಿಸುವ ರೀತಿಯನ್ನು ಹಿಂದಿಯಲ್ಲಿ ಓದಿ ಇಂಗ್ಲಿಷಿನಲ್ಲಿ ಬರೆಯುವುದು ಎಂಥ ತರಬೇತಿ! ಸಂಪರ್ಕ ತರಗತಿಗಳಿಗೆಂದು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಹತ್ತಬೇಕು. ಹುಲಿ ಕಾಡಾದ್ದರಿಂದ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ 2022ರಿಂದ ನ್ಯಾಯಾಲಯದ ನಿರ್ಬಂಧವಿದೆ. ಗಡಿಯಾಚೆ ಚಾಮರಾಜನಗರ ನಮಗೆ ಸತ್ಯಮಂಗಲಕ್ಕಿಂತ ಹತ್ತಿರ. ಅಲ್ಲಿ ಪದವಿಯನ್ನು ಕನ್ನಡದಲ್ಲಿ ಓದಬಹುದು. ಓದಿ ಬಂದವನ ಕೈಯಲ್ಲಿ ಈಚೆಯ ಕಚೇರಿಗಳು ಮೊದಲು ಕೇಳುವುದು ತತ್ಸಮಾನತೆಯ ಪತ್ರವನ್ನು.

ಪದವಿಯೊಂದೇ ಸಾಕು, ಭಾಷೆ ಯಾವುದಾದರೇನು ಎನ್ನುವವರು ಕಾಸರಗೋಡಿನ ಕಡೆ ನೋಡಲಿ. ಕನ್ನಡ ಬಾರದ ಉಪಾಧ್ಯಾಯರನ್ನು ಅಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದಾಗ ಮಕ್ಕಳೂ ತಂದೆತಾಯಿಗಳೂ ಶಾಲೆಯ ಮುಂದೆ ಕುಳಿತು ಪ್ರತಿಭಟಿಸಬೇಕಾಯಿತು. ಹಾಗೆ ಬಂದವರಿಗೆ ಪದವಿಯ ಕೊರತೆಯಿರಲಿಲ್ಲ.

ಇನ್ನು ಆಕ್ಷೇಪಗಳು. ಸರಕಾರ ಬಿಟ್ಟಿಯಾಗಿ ಓದಿಸಿದರೆ ಬೆಲೆ ತಿಳಿಯುವುದಿಲ್ಲವಂತೆ. ನಾವು ಓದಿದ್ದು ಬಿಟ್ಟಿ ಶಾಲೆಯಲ್ಲಿ, ಬಿಟ್ಟಿ ಪುಸ್ತಕದಲ್ಲಿ, ಕಾಮರಾಜರ ಕಾಲದಿಂದ ಬಂದ ಮಧ್ಯಾಹ್ನದ ಊಟವನ್ನು ಉಂಡು. ಅದರ ಬೆಲೆ ನಮಗೆ ತಿಳಿಯದೆ ಹೋಗಿದ್ದರೆ ಈ ಬೆಟ್ಟದಲ್ಲಿ ಉಳಿಯುತ್ತಲೇ ಇರಲಿಲ್ಲ. ಸರಕಾರದ ಖರ್ಚಿನಲ್ಲಿ ಓದಿ ಬಯಲಿಗೆ ಓಡಿಹೋಗುತ್ತಾರೆಂಬ ಭಯವಾದರೆ, ಐದು ವರ್ಷ ಬೆಟ್ಟದ ಕನ್ನಡ ಶಾಲೆಯಲ್ಲಿಯೇ ದುಡಿಯುವೆನೆಂದು ಮುಚ್ಚಳಿಕೆ ಬರೆಸಿಕೊಳ್ಳಲಿ. ನಮ್ಮ ಸಂಘವೇ ಜಾಮೀನು ನಿಲ್ಲಲಿ. ಹಣವಿಲ್ಲವೆಂಬ ಮಾತಂತೂ ಸಲ್ಲದು. ಶಿಕ್ಷಣಕ್ಕೆಂದು ತೆರಿಗೆಯ ಮೇಲೆ ಮೇಲ್ತೆರಿಗೆ 2004ರಿಂದ ಎತ್ತಲಾಗುತ್ತಿದೆ. 2018ರಿಂದ ಆರೋಗ್ಯವನ್ನೂ ಸೇರಿಸಿ ಅದು ನೂರಕ್ಕೆ 4. ವರಮಾನ ತೆರಿಗೆ ಕಟ್ಟುವ ಉಪಾಧ್ಯಾಯನೂ ಅದನ್ನು ಕಟ್ಟುತ್ತಾನೆ.

2030ರ ಹೊತ್ತಿಗೆ ಎಲ್ಲರಿಗೂ ಬಿ.ಎಡ್. ಕಡ್ಡಾಯವಾಗುತ್ತದೆ, ಆಗೇನು ಮಾಡುವಿರಿ ಎಂದು ಹೆದರಿಸುವವರೂ ಇದ್ದಾರೆ. 2020ರ ನೀತಿ ಹೇಳುವುದು ನಾಲ್ಕು ವರ್ಷದ ಸಂಯುಕ್ತ ಪದವಿಯನ್ನು. ಇನ್ನು ಮುಂದೆ ವೃತ್ತಿಗೆ ಬರುವವರಿಗಾಗಿ. ಈಗ ಸಾಲ ಮಾಡಿ ಕೊಳ್ಳುವ ಎರಡು ವರ್ಷದ ಪದವಿ ಅದಲ್ಲ. ಮತ್ತೂ ಒಂದು ಮಾತು: ಹಳ್ಳಿಗಾಡಿನ ಪ್ರತಿಭಾವಂತರಿಗೆ ಆ ಪದವಿಗಾಗಿ ವಿಶೇಷ ವಿದ್ಯಾರ್ಥಿವೇತನ ಕೊಡಬೇಕು, ಅವರಿಗೆ ಅವರ ಊರಿನ ಕಡೆಯಲ್ಲಿಯೇ ಕೆಲಸಕ್ಕೆ ಆದ್ಯತೆ ಕೊಡಬೇಕು ಎಂದು ಅದೇ ನೀತಿಯಲ್ಲಿ ಬರೆದಿದೆ. ಕಡ್ಡಾಯದ ವಾಕ್ಯವನ್ನು ಓದಿದವರು ಈ ವಾಕ್ಯವನ್ನೂ ಓದಬೇಕಾಗಿತ್ತು.

ನಿಧಿಯ ಹಣವನ್ನು ಏನು ಮಾಡೋಣವೆಂದರೆ, ಈ ಘಳಿಗೆಯಲ್ಲಿ ನಮ್ಮ ಬಾಗಿಲು ಬಡಿಯುತ್ತಿರುವುದು ಬಿ.ಎಡ್. ಅಲ್ಲ, ಅರ್ಹತಾ ಪರೀಕ್ಷೆ. ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಉಪಾಧ್ಯಾಯರು, ಎಂದೋ ನೇಮಕಗೊಂಡವರಾದರೂ ಸರಿ, ಎರಡು ವರ್ಷದೊಳಗೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿದೆ. (ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠಕ್ಕೆ ಒಪ್ಪಿಸಿದೆ.) ಇಪ್ಪತ್ತು ವರ್ಷ ಕಲಿಸಿದವರಿಗೂ ಈಗ ರಾತ್ರಿ ನಿದ್ದೆಯಿಲ್ಲ. ನಮ್ಮ ರಾಜ್ಯದ ಈ ಪರೀಕ್ಷೆಯಲ್ಲಿ ಮೊದಲ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು; ಆದರೆ ನಮ್ಮ ಕೈಗೆ ಸಿಕ್ಕುವ ಕೈಪಿಡಿಗಳು ತಮಿಳಿನವು, ಗಡಿಯಾಚೆಯಿಂದ ತರಿಸಿದವು ಆ ರಾಜ್ಯದ ಪಠ್ಯವನ್ನು ಅನುಸರಿಸಿದವು. ನಿಧಿಯ ಹಣದಿಂದ ಕನ್ನಡದಲ್ಲಿ ಅಭ್ಯಾಸದ ಹಾಳೆಗಳನ್ನು ತಯಾರಿಸಿ, ಈ ಪತ್ರಿಕೆ ಅಚ್ಚಾಗುವ ಯಂತ್ರದಲ್ಲಿಯೇ ತೆಗೆದು, ತಾಳವಾಡಿ, ಹಾಸನೂರು, ತಲಮಲೆಯ ಕಡೆಯ ಎಲ್ಲ ಉಪಾಧ್ಯಾಯರಿಗೂ ಹಂಚಬಹುದು. ಒಬ್ಬನ ಒಂದು ವರ್ಷದ ಬಿ.ಎಡ್. ಶುಲ್ಕದಲ್ಲಿ ಎಷ್ಟು ಜನರಿಗೆ ಹಾಳೆ ಆಗುತ್ತದೆಂಬ ಲೆಕ್ಕವನ್ನು ಖಜಾಂಚಿಯವರು ನಮಗಿಂತ ಚೆನ್ನಾಗಿ ಹಾಕಬಲ್ಲರು.

ಜೊತೆಗೆ ಒಂದು ಬಿನ್ನವತ್ತಳೆ ಹೋಗಬೇಕು. ರಾಜ್ಯ ಸರಕಾರಕ್ಕೊಂದು, ಸಂವಿಧಾನದ 350ಬಿ ವಿಧಿಯಂತೆ ನೇಮಕವಾಗುವ ಭಾಷಾ ಅಲ್ಪಸಂಖ್ಯಾತರ ಕಮಿಷನರರಿಗೊಂದು. ಕನ್ನಡ ಶಾಲೆಯ ಉಪಾಧ್ಯಾಯನಿಗೆ ಉನ್ನತ ತರಬೇತಿ ಬೇಕೆಂದು ಇಲಾಖೆಗೆ ತೋರಿದರೆ ಶುಲ್ಕವನ್ನು ಇಲಾಖೆಯೇ ಕಟ್ಟಲಿ, ವೇತನಸಹಿತ ರಜೆ ಕೊಡಲಿ, ತರಬೇತಿ ಕನ್ನಡದಲ್ಲಿ ನಡೆಯಲಿ. ಸ್ಥಳ ಹುಡುಕಬೇಕಾಗಿಯೂ ಇಲ್ಲ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಕೇಂದ್ರ ಸರಕಾರದ್ದು. ತಮಿಳುನಾಡೂ ಅದರ ವ್ಯಾಪ್ತಿಯಲ್ಲಿದೆ. ಬೆಳಿಗ್ಗೆ ತಾಳವಾಡಿಯಲ್ಲಿ ಬಸ್ಸು ಹತ್ತಿದರೆ ಚಾಮರಾಜನಗರದ ಮೇಲೆ ಹಾದು ಮಧ್ಯಾಹ್ನದೊಳಗೆ ಅಲ್ಲಿರಬಹುದು. ಬೇಸಿಗೆ ರಜೆಗಳಲ್ಲಿ ಗಡಿನಾಡಿನ ಕನ್ನಡ ಉಪಾಧ್ಯಾಯರಿಗೆ ಅಲ್ಲಿ ಕನ್ನಡದಲ್ಲಿ ತರಗತಿ ನಡೆಸಿರೆಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಕರಡನ್ನು ಬರೆಯುವ ಕೆಲಸವನ್ನು ಸಂಘ ಒಪ್ಪಿಸಿದರೆ ನಾವು ಸಿದ್ಧರಿದ್ದೇವೆ.

ಈ ಹಾಳೆಯನ್ನು ನಮ್ಮ ವಿದ್ಯಾರ್ಥಿಗಳೂ ಓದುವರೆಂದು ಬಲ್ಲೆವು. ಮುಂದೆ ಉಪಾಧ್ಯಾಯರಾಗಬೇಕೆಂದು ಹೇಳುವ ಮಕ್ಕಳು ಈಗಲೂ ಪ್ರತಿ ತರಗತಿಯಲ್ಲಿ ಒಬ್ಬಿಬ್ಬರಿದ್ದಾರೆ. ಕಳೆದ ವಾರ ಐದನೆಯ ತರಗತಿಯ ಒಬ್ಬ ಹುಡುಗಿ, “ಮೇಷ್ಟ್ರೇ, ಟೀಚರ್ ಆಗೋಕೆ ಎಷ್ಟು ದುಡ್ಡು ಬೇಕು?” ಎಂದು ಕೇಳಿದಳು. ಎಷ್ಟು ಓದಬೇಕೆಂದು ಕೇಳಲಿಲ್ಲ. ನಮಗೆ ಉತ್ತರ ಹೊಳೆಯಲಿಲ್ಲ. ಗಂಟೆ ಹೊಡೆದದ್ದು ನಮ್ಮ ಪುಣ್ಯ.

ಆದುದರಿಂದ ಗೊತ್ತುವಳಿಯನ್ನು ಮತಕ್ಕೆ ಹಾಕುವ ಮುನ್ನ ಹಿಂದೆಗೆದುಕೊಳ್ಳಬೇಕೆಂದು ಮಂಡಿಸಿದ ಹಿರಿಯರನ್ನು ಕೈಮುಗಿದು ಕೇಳಿಕೊಳ್ಳುತ್ತೇವೆ. ಅವರು ಒಪ್ಪದಿದ್ದರೆ ಈ ಸಲ ಎದ್ದುನಿಂತು ವಿರೋಧವಾಗಿ ಮತ ಹಾಕುತ್ತೇವೆ. ನಮ್ಮ ಸಾಲವನ್ನೂ ನಿಧಿಯಿಂದ ತೀರಿಸಬಹುದೆಂದು ಮಿತ್ರರೊಬ್ಬರು ಮೆಲ್ಲನೆ ಸೂಚಿಸಿದ್ದಾರೆ. ಅವರಿಗೆ ವಂದನೆ. ಇನ್ನು ಏಳು ಕಂತು ಉಳಿದಿವೆ. ಅವನ್ನು ನಾವೇ ಕಟ್ಟಿಕೊಳ್ಳುತ್ತೇವೆ.